ಮೂಲೆ ಮಂಚಕ್ಕೆ ಒಂದು ಹಿಡಿ ಬ್ರೊಕೊಲಿ

ಊರಿಗೆ ಇನ್ನೂ ಬೆಳಕಾಗಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ದೊಡ್ಡ ಹಬೆಪಾತ್ರೆಯ ಮುಚ್ಚಳ ಏಳುತ್ತದೆ. ಭುಸ್ಸೆಂದು ಬಂದ ಬಿಳಿ ಹಬೆ ಗೋಡೆಯನ್ನು ನುಂಗುತ್ತದೆ, ದೀಪವನ್ನು ನುಂಗುತ್ತದೆ, ಬಾಗಿಲನ್ನೂ ಬಿಡುವುದಿಲ್ಲ. ಆ ಬಿಳುಪಿನೊಳಗಿಂದ ಮೊದಲು ಎರಡು ಕೈ ಹೊರಬರುತ್ತವೆ. ಕೈಗಳಲ್ಲೊಂದು ಜರಡಿ. ಜರಡಿ ತುಂಬ ಬ್ರೊಕೊಲಿ, ಅದೂ ಎಂಥ ಹಸಿರು! ಯಾರೋ ಪುಟಾಣಿ ಕಾಡೊಂದನ್ನು ಬುಡಸಮೇತ ಕಿತ್ತು ತಂದಂತಿದೆ. ಮುಖ ಕಾಣಿಸುವುದು ಎಲ್ಲಕ್ಕಿಂತ ಕೊನೆಗೆ. ಮುಖದಲ್ಲಿ ನಗು.

"ಹೆದರ್ಕೊಂಡ್ರಾ? ಹೊಸಬ್ರು ಯಾರೇ ಬಂದ್ರೂ ಹೀಗೇ ಬಾಗಿಲಲ್ಲಿ ನಿಂತ್ಬಿಡ್ತಾರೆ. ಬನ್ನಿ ಒಳಗೆ, ನಾನೇನು ದೆವ್ವ ಅಲ್ಲ. ದೆವ್ವ ಆಗಿದ್ರೆ ಇಷ್ಟು ಪಾತ್ರೆ ತಿಕ್ತಿದ್ನಾ?"

ಇವರು ಹಬೆ ಅಕ್ಕ. ಹುಟ್ಟಿದಾಗ ಇಟ್ಟ ಹೆಸರು ಬೇರೆಯೇ ಇದೆ, ಆದರೆ ಅದನ್ನು ಕೂಗುವವರು ಮನೆಯಲ್ಲೂ ಇಲ್ಲ. ವರ್ಷಾನುಗಟ್ಟಲೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಈ ಆಸ್ಪತ್ರೆಯಲ್ಲಿ ಬೇಯುವ ತರಕಾರಿಯೆಲ್ಲ ಅಕ್ಕನ ಕೈ ದಾಟಿಯೇ ಮೇಲೆ ಹೋಗಬೇಕು. ತಿನ್ನುವವರ ಮುಖ ಮಾತ್ರ ಅಕ್ಕ ಕಂಡಿದ್ದಿಲ್ಲ. ಅಡುಗೆಮನೆಯವರು ವಾರ್ಡಿಗೆ ಹೋಗುವಂತಿಲ್ಲ, ವಾರ್ಡಿನವರು ಅಡುಗೆಮನೆಗೆ ಇಳಿಯುವಂತಿಲ್ಲ. ಸೋಂಕಿನ ಭಯಕ್ಕೆ ಮಾಡಿದ ನಿಯಮ ಅದು. ನಡುವೆ ಓಡಾಡುವುದು ಒಂದು ಪೆಟ್ಟಿಗೆ ಮಾತ್ರ, ಗೋಡೆಯೊಳಗಿನ ಕತ್ತಲ ಕೊಳವೆಯಲ್ಲಿ ಹಗ್ಗದ ಮೇಲೆ ಏರಿ ಇಳಿಯುವ ಊಟದ ಲಿಫ್ಟ್. ತುಂಬಿದ ತಟ್ಟೆ ಮೇಲೆ ಹೋಗುತ್ತದೆ, ಎಂಜಲು ತಟ್ಟೆ ಕೆಳಗೆ ಬರುತ್ತದೆ. ಪ್ರತಿ ತಟ್ಟೆಯ ಜೊತೆ ಮಂಚದ ಗುರುತಿನ ತಗಡಿನ ಬಿಲ್ಲೆ ಇರುತ್ತದೆ.

"ನನಗೆ ಎಲ್ಲರೂ ತಟ್ಟೆಯಿಂದಾನೇ ಪರಿಚಯ. ಕಿಟಕಿ ಮಂಚದೋರಿಗೆ ಹಲ್ಲಿಲ್ಲ, ದಂಟು ಬಿಡ್ತಾರೆ. ಕಂಬದ ಪಕ್ಕದೋರಿಗೆ ಸಿಟ್ಟು ಜಾಸ್ತಿ, ಚಮಚ ಬಗ್ಗಿಸಿ ಕಳಿಸ್ತಾರೆ. ತಟ್ಟೆ ಖಾಲಿ ಬಂತೋ, ಹಸಿವಿದೆ, ನಾಳೆ ಒಂದು ಹಿಡಿ ಜಾಸ್ತಿ. ತುಂಬಿದ್ದು ತುಂಬಿದ ಹಾಗೇ ಬಂತೋ, ಹೊಟ್ಟೆಯಲ್ಲಿ ಸಂಕಟ, ನಾಳೆ ಮೆತ್ತಗೆ ಬೇಯಿಸ್ಬೇಕು. ಅಷ್ಟೇ ನನ್ನ ಓದು."

ಈ ಓದು ಒಬ್ಬ ಮನುಷ್ಯನ ಪ್ರಾಣಕ್ಕೆ ಸಂಚಕಾರ ತರುವುದರಲ್ಲಿತ್ತು. ಉಳಿಸಿದ್ದೂ ಅಕ್ಕನೇ. ಅದನ್ನು ಹೇಳುವಾಗ ಮಾತ್ರ ಅಕ್ಕ ನಗುವುದಿಲ್ಲ.

ಅಕ್ಕ ಇಲ್ಲಿಗೆ ಬಂದದ್ದು ಪಾತ್ರೆ ತೊಳೆಯಲು. ಗಂಡ ತೀರಿಕೊಂಡಾಗ ಕಂಕುಳಲ್ಲಿ ಮಗಳು, ಕೈಯಲ್ಲಿ ಒಂದು ಚೀಲ. ನೆಲಮಾಳಿಗೆಯ ಮೂಲೆಯಲ್ಲಿ ಗೋಣಿ ಹಾಸಿ ಮಗುವನ್ನು ಮಲಗಿಸಿ ಕೆಲಸ ಮಾಡಿದರು. ಹಬೆಪಾತ್ರೆ ನೋಡಿಕೊಳ್ಳುತ್ತಿದ್ದವರು ಕಣ್ಣಿಗೆ ಪೊರೆ ಬಂದು ಬಿಟ್ಟುಹೋದಾಗ ಆ ಕೆಲಸಕ್ಕೆ ಯಾರೂ ಮುಂದೆ ಬರಲಿಲ್ಲ, ಕೈ ಸುಡುತ್ತದೆ, ಉಸಿರು ಕಟ್ಟುತ್ತದೆ. ಅಕ್ಕ ಬಂದರು. ಮೊಣಕೈಯಿಂದ ಮಣಿಕಟ್ಟಿನವರೆಗೆ ಇರುವ ಸುಟ್ಟ ಕಲೆಗಳು ಆ ದಿನಗಳ ಕಾಣಿಕೆ. ಆ ಮಗಳು ಈಗ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಅಮ್ಮ ಮನೆಯಲ್ಲೂ ಬ್ರೊಕೊಲಿ ಬೇಯಿಸಿದರೆ ಮೂಗು ಮುಚ್ಚಿಕೊಂಡು, "ಅಮ್ಮಾ, ನನ್ನನ್ನೂ ಅಡ್ಮಿಟ್ ಮಾಡ್ಕೊಂಡ್ಯಾ?" ಎಂದು ಛೇಡಿಸುತ್ತಾಳೆ.

ಹಬೆಯಲ್ಲಿ ಕಣ್ಣು ಕೆಲಸಕ್ಕೆ ಬರುವುದಿಲ್ಲ. ಅದಕ್ಕೇ ಅಕ್ಕನ ಕೆಲಸವೆಲ್ಲ ಕಿವಿಯಲ್ಲಿ. ನೀರು ಗುಟುಗುಟು ಎನ್ನುವುದು, ಮುಚ್ಚಳ ಚಡಪಡಿಸುವುದು, ಆಮೇಲೆ ಸದ್ದೆಲ್ಲ ಒಂದು ಹದಕ್ಕೆ ಬಂದು ಸಣ್ಣಗೆ ಸೀಟಿ ಹಾಕುವುದು. ಆ ಸೀಟಿ ಕೇಳಿದ ಕೂಡಲೇ ಬ್ರೊಕೊಲಿ ಇಳಿಯಬೇಕು. ತಡವಾದರೆ ಹಸಿರು ಹೋಗಿ ಬೂದುಬಣ್ಣ, ಜೊತೆಗೊಂದು ಕೊಳೆತ ವಾಸನೆ.

ಬ್ರೊಕೊಲಿಯನ್ನು ಈ ಅಡುಗೆಮನೆಗೆ ತಂದವರು ಆಸ್ಪತ್ರೆಯ ಆಹಾರ ತಜ್ಞೆ. ಇಲ್ಲಿ ಎಲ್ಲರಿಗೂ ಅವರು 'ಡಯಟ್ ಮೇಡಂ'. ಹಾಸಿಗೆ ಬಿಟ್ಟು ಏಳದವರಿಗೆ ಮೊದಲು ಕೈಕೊಡುವುದು ಹೊಟ್ಟೆ, ಮಲಬದ್ಧತೆ. ಬ್ರೊಕೊಲಿಯಲ್ಲಿ ನಾರಿನಂಶ ಚೆನ್ನಾಗಿದೆ. ಹುಣ್ಣು, ಗಾಯ ಮಾಯಲು ಬೇಕಾದ ಸಿ ಜೀವಸತ್ವ ಧಾರಾಳ, ಫೋಲೇಟ್ ಇದೆ, ಪೊಟ್ಯಾಷಿಯಂ ಇದೆ, ಮೈ ಬೆಳೆಸುವ ಕೊಬ್ಬು ಇಲ್ಲವೆಂದರೂ ನಡೆಯುತ್ತದೆ. "ಇದನ್ನ ತಿಂದ್ರೆ ರೋಗವೆಲ್ಲ ಓಡಿಹೋಗುತ್ತೆ ಅಂತ ಫೋನಿನಲ್ಲಿ ಬರುತ್ತಲ್ಲ, ಅದನ್ನ ನಂಬಬೇಡಿ. ಔಷಧಿ ಅಲ್ಲ ಇದು, ಒಳ್ಳೇ ತರಕಾರಿ" ಎನ್ನುತ್ತಾರೆ ಮೇಡಂ. ಕುದಿಯುವ ನೀರಿಗೆ ಹಾಕಿ ಆ ನೀರು ಚೆಲ್ಲಿದರೆ ಸಿ ಜೀವಸತ್ವ ಮೋರಿ ಪಾಲು, ಹಬೆಯಲ್ಲಾದರೆ ಬಹುಪಾಲು ಉಳಿಯುತ್ತದೆ. ಹೆಚ್ಚಿದ ತಕ್ಷಣ ಒಲೆಗೆ ಇಡಬಾರದು, ಸ್ವಲ್ಪ ಹೊತ್ತು ಬಿಡಬೇಕು. ಕತ್ತಿ ತಾಗಿದ ಜಾಗದಲ್ಲಿ ಮೈಗೆ ಒಳ್ಳೆಯದಾದ ಒಂದು ಖಾರದ ಸತ್ವ ಹುಟ್ಟಲು ಸಮಯ ಬೇಕು. ಇವೆಲ್ಲ ಮೇಡಂ ಕಲಿಸಿದ್ದು, ಅಕ್ಕ ಚಾಚೂ ತಪ್ಪದೆ ಪಾಲಿಸುವುದು.

ಹಾಗಾಗಿ ಮುಂಜಾನೆ ಈ ಕೋಣೆಯಲ್ಲೊಂದು ವಿಚಿತ್ರ ಮೌನವಿರುತ್ತದೆ. ಹೆಚ್ಚಿಟ್ಟ ಬ್ರೊಕೊಲಿ ಉದ್ದನೆಯ ಕಲ್ಲಿನ ಮೇಲೆ ಸುಮ್ಮನೆ ಕಾಯುತ್ತಿರುತ್ತದೆ. ತರಕಾರಿ ಹೆಚ್ಚುವ ಚಾಕಣ್ಣ, ಅವನ ಕೈಯಲ್ಲಿ ಸದಾ ಚಾಕು ಇರುವುದಕ್ಕೆ ಆ ಹೆಸರು, ಒರಗಿ ಕೂತು ಕಾಯುತ್ತಾನೆ. ಅಕ್ಕ ಕಾಯುತ್ತಾರೆ. ಹಸಿ ಎಲೆಕೋಸಿನಂಥ ವಾಸನೆ ಮೆಲ್ಲಗೆ ಖಾರವಾಗುತ್ತದೆ. ಗೋಡೆಯೊಳಗಿನ ಕತ್ತಲ ಕೊಳವೆಯಿಂದ ಮೇಲಿನ ವಾರ್ಡಿನ ಸದ್ದುಗಳು ಒಂದೊಂದಾಗಿ ಕೆಳಗಿಳಿಯುತ್ತವೆ. ಯಾರದೋ ಕೆಮ್ಮು, ಯಾರದೋ ನರಳಾಟ, ಚಪ್ಪಲಿಯ ಸರಸರ. ಬಾಯಿ ಕಾಣದ ಉಸಿರು.

ಎರಡನೇ ಮಹಡಿಯ ಮೂಲೆ ಮಂಚಕ್ಕೆ ಒಬ್ಬ ಹೆಂಗಸು ಬಂದರು. ಮೆಟ್ಟಿಲಿಂದ ಜಾರಿ ತಲೆಗೆ ಪೆಟ್ಟಾಗಿ ಕಣ್ಣು ಮುಚ್ಚಿದವರು ಮತ್ತೆ ತೆರೆದಿರಲಿಲ್ಲ. ಊಟವೆಲ್ಲ ಮೂಗಿನ ನಳಿಕೆಯಲ್ಲಿ. ಆದರೂ ಅವರ ಹೆಸರಿಗೆ ಒಂದು ತಟ್ಟೆ ಹೋಗಬೇಕೆಂದು ಡಾಕ್ಟರು ಹೇಳಿಕಳಿಸಿದರು. ಪರಿಚಯದ ದನಿ, ಪರಿಚಯದ ವಾಸನೆ ಒಳಗೆಲ್ಲೋ ತಟ್ಟಿದರೂ ತಟ್ಟಬಹುದು ಎಂದು. ಆಕೆಯ ಮನೆಯಲ್ಲಿ ದಿನವೂ ಬೇಯುತ್ತಿದ್ದದ್ದು ಬ್ರೊಕೊಲಿ. ಹಾಗಾಗಿ ತಟ್ಟೆಯಲ್ಲಿ ಅದೇ ಒಂದು ಹಿಡಿ, ಬಿಸಿಬಿಸಿ, ಮುಂಜಾನೆಯೇ. ಕನ್ನಡಕದ ಅಂಗಡಿ ಇಟ್ಟಿರುವ ಅವರ ಗಂಡ ಅಂಗಡಿ ಬಾಗಿಲು ತೆಗೆಯುವ ಮೊದಲು ಮಂಚದ ಪಕ್ಕ ಬಂದು ಕೂರುವ ಹೊತ್ತು ಅದು.

ವಾರ್ಡಿನ ಆಯಾ ಲಿಫ್ಟಿನ ಕಿಂಡಿಗೆ ತಲೆ ಹಾಕಿ ಕೆಳಗೆ ಸುದ್ದಿ ಉದುರಿಸುವುದರಲ್ಲಿ ಪ್ರವೀಣೆ. ಅವಳೇ ಹೇಳಿದ್ದು, "ಪಾಪ ಕಣಕ್ಕ, ಆ ಯಜಮಾನ್ರಿಗೂ ಮೈ ಸರಿ ಇಲ್ಲ. ಹೃದಯದಲ್ಲಿ ಲೋಹದ ಕವಾಟ ಕೂರಿಸಿದ್ದಾರಂತೆ. ರಕ್ತ ಹೆಪ್ಪುಗಟ್ಟದ ಹಾಗೆ ದಿನಾ ಮಾತ್ರೆ. ಸೊಪ್ಪು, ಬ್ರೊಕೊಲಿ ಎಲ್ಲ ಅಳತೆ ಹಾಕಿ ತಿನ್ಬೇಕಂತೆ, ಜಾಸ್ತಿ ಆದ್ರೆ ಪ್ರಾಣಕ್ಕೇ ಬರುತ್ತಂತೆ. ಇಷ್ಟು ದಿನ ಅಳತೆ ಹಾಕ್ತಿದ್ದೋಳು ಇಲ್ಲಿ ಮಲಗಿದ್ದಾಳೆ."

ಮೂಲೆ ಮಂಚದ ತಟ್ಟೆ ದಿನವೂ ಹೋದಂತೆಯೇ ಬರುತ್ತಿತ್ತು. ತಣ್ಣಗಾಗಿ, ಬಾಡಿ. ಅಡುಗೆಮನೆಯ ಮೇಲ್ವಿಚಾರಕರು ಒಂದು ಸಲ ಗೊಣಗಿದರು, "ತಿನ್ನದೇ ಇರೋರಿಗೆ ಯಾಕೆ ಇದು? ನಿಲ್ಲಿಸಿಬಿಡೋಣ." ಆ ಮಾತು ಕಿಂಡಿಯಿಂದ ಮೇಲಕ್ಕೂ ಹೋಯಿತು.

ಅದಾದ ಮೇಲೆ ಒಂದು ಮುಂಜಾನೆ ಲಿಫ್ಟ್ ಕೆಳಗೆ ಬಂತು. ಮೂಲೆ ಮಂಚದ ಬಿಲ್ಲೆ. ಪಕ್ಕದಲ್ಲಿ ತಟ್ಟೆ. ತಟ್ಟೆ ಖಾಲಿ.

ಒಂದು ಚೂರೂ ಇಲ್ಲ. ನೆಕ್ಕಿಟ್ಟ ಹಾಗೆ.

"ಮೈ ಜುಂ ಅಂತು. ಕಿಂಡಿಯಲ್ಲಿ ಕೂಗಿ ಕೇಳ್ದೆ, ಎದ್ರೇನೇ ಅವ್ರು? ಇಲ್ಲ ಅಂದ್ಲು ಆಯಾ. ತಟ್ಟೆ ಮಂಚದ ಪಕ್ಕ ಇಟ್ಟು ಆ ಕಡೆ ಮಂಚಗಳ ಹೊದಿಕೆ ಬದಲಾಯ್ಸಕ್ಕೆ ಹೋದ್ಲಂತೆ, ಬರೋಷ್ಟರಲ್ಲಿ ಖಾಲಿ. ಆಯಮ್ಮನ ಕಣ್ಣು ಮುಚ್ಚಿದ ಹಾಗೇ ಇದೆ. ಆದ್ರೆ ತುಟಿ ಮೇಲೆ ಹಸಿರು ಚೂರು ಅಂಟಿದೆ ಅಂದ್ಲು."

ಚಾಕಣ್ಣ ಅಂದೇ ತನ್ನ ಮಣೆಯನ್ನು ಎತ್ತಿಕೊಂಡು ಕೋಣೆಯ ಆ ತುದಿಗೆ ಹೋದ. "ಲಿಫ್ಟಿಗೆ ಬೆನ್ನು ಹಾಕಿ ನಾನಂತೂ ಕೂರಲ್ಲ. ಬೇಕಾದ್ರೆ ಕೆಲಸದಿಂದ ತೆಗೀರಿ" ಎಂದ. ಮರುದಿನವೂ ತಟ್ಟೆ ಖಾಲಿ. ಅದರ ಮರುದಿನವೂ. ಇಲಿ ಎಂದರು. ಇಲಿ ತಿಂದರೆ ಚೂರು ಉದುರಿಸದೇ ಇರುತ್ತದೆಯೇ? ಯಜಮಾನರೇ ತಿಂದಿರಬಹುದು ಎಂದರೆ ಆಯಾ ಕೈ ಆಡಿಸಿದಳು. "ನಾನೇ ಕೇಳ್ದೆ. 'ನಂಗೆ ಅದು ಅಳತೆ ಮೇಲೆ ಕಣಮ್ಮ, ನಾನ್ಯಾಕೆ ಮುಟ್ಲಿ' ಅಂದ್ರು. ನಿಜಾನೇ ಅಲ್ವಾ? ಗೊತ್ತಿದ್ದೂ ಗೊತ್ತಿದ್ದೂ ಯಾರು ತಿಂತಾರೆ?"

ಯಜಮಾನರಲ್ಲ, ಇಲಿಯಲ್ಲ. ಉಳಿದದ್ದು ಒಂದೇ. ಎಲ್ಲರೂ ಆ ಕಡೆ ತಿರುಗಿದಾಗ ಆಕೆ ಏಳುತ್ತಾಳೆ, ತಿನ್ನುತ್ತಾಳೆ, ಮತ್ತೆ ಮಲಗುತ್ತಾಳೆ. ವಾರ್ಡಿನ ಅಜ್ಜಿಯೊಬ್ಬರಂತೂ ಹೊದಿಕೆಯ ಸಂದಿಯಿಂದ ಅಗಿಯುವ ಸದ್ದು ಕೇಳಿದ್ದೇನೆ ಎಂದೇ ಆಣೆ ಹಾಕಿದರು. ಕೆಲಸದವರು ಆ ಮೂಲೆಯನ್ನು ಸುತ್ತುಬಳಸಿ ಓಡಾಡತೊಡಗಿದರು.

ಅಕ್ಕನಿಗೆ ಭಯವಾಗಲಿಲ್ಲವೇ? "ಆಯ್ತು. ಆದ್ರೆ ಭಯಕ್ಕಿಂತ ಖುಷಿ ಜಾಸ್ತಿ ಆಯ್ತು. ಹೆಂಗಾದ್ರೂ ಆಗ್ಲಿ, ತಿಂತಿದ್ದಾರಲ್ಲ! ಸತ್ತೋರು ತಿಂತಾರಾ? ಬದುಕೋ ಆಸೆ ಇರೋರೇ ತಿನ್ನೋದು."

ಅಕ್ಕ ತಾವು ಬಲ್ಲ ಓದನ್ನೇ ಓದಿದರು. ತಟ್ಟೆ ಖಾಲಿ, ಹಸಿವಿದೆ, ಒಂದು ಹಿಡಿ ಜಾಸ್ತಿ. ಅದೂ ಖಾಲಿ. ಇನ್ನೊಂದು ಹಿಡಿ. ಎಳೆಯ ಹೂಗಳನ್ನೇ ಆರಿಸಿ, ದಂಟಿನ ಸಿಪ್ಪೆ ಸುಲಿದು, ತಟ್ಟೆಯ ಮೇಲೆ ಗೋಪುರ ಏರಿಸಿ ಕಳಿಸಿದರು. ಉಳಿದವರ ತಟ್ಟೆಗಳಿಗೆ ಡಯಟ್ ಮೇಡಂ ಅಳತೆ ಕೊಟ್ಟಿದ್ದರು. ಇದಕ್ಕೆ ಕೊಟ್ಟಿರಲಿಲ್ಲ. ವಾಸನೆಗೆಂದು ಹೋಗುವ ತಟ್ಟೆಗೆ ಅಳತೆ ಯಾರು ಕೇಳುತ್ತಾರೆ?

ಅಕ್ಕನಿಗೆ ಇನ್ನೊಂದು ಸದ್ದಿನ ಪರಿಚಯವೂ ಆಗಿತ್ತು. ಮೂಲೆ ಮಂಚ ಇರುವುದೇ ಲಿಫ್ಟಿನ ಕಿಂಡಿಯ ಪಕ್ಕ. ಹೆಚ್ಚಿದ ಬ್ರೊಕೊಲಿ ಕಾಯುವ ಆ ಮೌನದ ಹೊತ್ತಿನಲ್ಲಿ ಕೊಳವೆಯಿಂದ ಟಿಕ್, ಟಿಕ್, ಟಿಕ್ ಎಂದು ಕೇಳುತ್ತಿತ್ತು. ಉಗುರಿಂದ ಲೋಹ ತಟ್ಟಿದಂತೆ, ತೆಳ್ಳಗೆ, ಚೊಕ್ಕವಾಗಿ. ಮುಂಜಾನೆ ಶುರು, ಬೆಳಕಾದ ಮೇಲೆ ಇಲ್ಲ. ವಾರ್ಡಿನಲ್ಲಿ ಹಳೇ ಗಡಿಯಾರ ಇರಬೇಕು, ಹಗಲ ಗಲಾಟೆಯಲ್ಲಿ ಕೇಳಿಸುವುದಿಲ್ಲ ಅಂದುಕೊಂಡು ಸುಮ್ಮನಿದ್ದರು. ಒಂಟಿ ಕೆಲಸಕ್ಕೆ ಜೊತೆಯಾಯಿತೆಂದು ಆ ತಾಳಕ್ಕೆ ಸರಿಯಾಗಿ ಜರಡಿ ಕುಲುಕುವುದೂ ರೂಢಿಯಾಯಿತು.

ಗೋಪುರದ ತಟ್ಟೆಗಳು ಹೋಗತೊಡಗಿದ ಕೆಲವು ದಿನಗಳಲ್ಲಿ ಟಿಕ್ ಟಿಕ್ ಮಂದವಾಯಿತು. ಮೊದಲು ಅರಿವೆ ಸುತ್ತಿದ ಹಾಗೆ. ಆಮೇಲೆ ನೀರಿನೊಳಗಿಂದ ಬಂದ ಹಾಗೆ. ಒಂದು ಮುಂಜಾನೆ ಮೂಲೆ ಮಂಚದ ತಟ್ಟೆ ಮೇಲೆ ಹೋದ ನಂತರ ಅಕ್ಕ ಕಿವಿಯನ್ನು ಕಿಂಡಿಗೆ ಒತ್ತಿ ನಿಂತರು. ಟಿಕ್ ಇಲ್ಲ. ಬರೀ ಒಂದು ಮೆತ್ತನೆಯ ದುಬ್, ದುಬ್.

"ಏ ಆಯಾ," ಎಂದು ಕೂಗಿದರು, "ನಿಮ್ಮ ಗಡಿಯಾರ ಕೆಟ್ಟುಹೋಗ್ತಿದೆ ನೋಡೇ. ಯಾರಾದ್ರೂ ರಿಪೇರಿ ಮಾಡ್ಸಿ."

ಆ ಕಡೆಯ ಮಂಚಗಳ ಹತ್ತಿರವಿದ್ದ ಆಯಾ ಓಡಿಬಂದು ಕಿಂಡಿಗೆ ತಲೆ ಹಾಕಿದಳು.

"ಯಾವ ಗಡಿಯಾರ ಅಕ್ಕ?"

"ಅದೇ, ಮೂಲೆಯಲ್ಲಿ ಟಿಕ್ ಟಿಕ್ ಅಂತಿರುತ್ತಲ್ಲ."

"ಅಕ್ಕಾ, ಇಲ್ಲಿ ಗಡಿಯಾರಾನೇ ಇಲ್ಲ."

ಅಕ್ಕನ ಕೈಯಿಂದ ಜರಡಿ ಜಾರಿತು. ಆ ತುದಿಯಲ್ಲಿದ್ದ ಚಾಕಣ್ಣ ಎದ್ದೇ ನಿಂತ. ಕೊಳವೆಯಲ್ಲಿ ದುಬ್, ದುಬ್ ಮಾತ್ರ ನಡೆದೇ ಇತ್ತು.

ಮೇಲೆ ಅದೇ ಹೊತ್ತಿಗೆ ವಾರ್ಡಿನ ನರ್ಸ್ ಸಿಸ್ಟರ್ ಹಾದುಹೋಗುತ್ತಿದ್ದರು. ಆಯಾಳ ಮಾತು ಕಿವಿಗೆ ಬಿದ್ದು ತಿರುಗಿದರು. ಮೂಲೆಯಲ್ಲಿ ಇರುವುದು ಮಂಚ, ಒಂದು ಕುರ್ಚಿ, ಕುರ್ಚಿಯ ಮೇಲೆ ಕಣ್ಣು ಮುಚ್ಚಿ ಕೂತ ಕನ್ನಡಕದಂಗಡಿಯ ಯಜಮಾನರು. ಲೋಹದ ಕವಾಟ ಹಾಕಿಸಿಕೊಂಡವರ ಎದೆ ನಿಶ್ಶಬ್ದದಲ್ಲಿ ಟಿಕ್ ಟಿಕ್ ಎನ್ನುತ್ತದೆ, ಅದು ಸಿಸ್ಟರಿಗೆ ಗೊತ್ತು. ಆ ಸದ್ದು ಅಡಗಿದರೆ ಏನರ್ಥ ಎಂಬುದೂ ಗೊತ್ತು. ಓಡಿಹೋಗಿ ಭುಜ ಮುಟ್ಟಿದರೆ ಅಂಗಿ ಬೆವರಿನಿಂದ ತೊಯ್ದಿದೆ. ಉಸಿರು ಮೇಲೆ ಕೆಳಗೆ. "ಒಂದೆರಡು ದಿನದಿಂದ ಮೆಟ್ಟಿಲು ಹತ್ತಿದ್ರೆ ಸುಸ್ತು, ಅಷ್ಟೇ" ಎಂದರಂತೆ ಯಜಮಾನರು. ಮಡಿಲಲ್ಲಿ ತಟ್ಟೆ. ತಟ್ಟೆಯಲ್ಲಿ ಅರ್ಧ ಮುಗಿದ ಗೋಪುರ.

ಕವಾಟದ ಮೇಲೆ ರಕ್ತ ಹೆಪ್ಪುಗಟ್ಟತೊಡಗಿತ್ತು. ಇನ್ನೂ ಸಣ್ಣದಿರುವಾಗಲೇ ಸಿಕ್ಕಿದ್ದರಿಂದ ಔಷಧಿಗೆ ಕರಗಿತು. ಡಯಟ್ ಮೇಡಂ ನಿಯಮ ಮುರಿದು ನೆಲಮಾಳಿಗೆಗೆ ಇಳಿದು ಬಂದು, ಕಲ್ಲಿನ ಮೇಲೆ ಕೂತು ಅಕ್ಕನಿಗೆ ವಿವರಿಸಿದರು. ಬ್ರೊಕೊಲಿಯಲ್ಲಿ ಕೆ ಎಂಬ ಜೀವಸತ್ವ ತುಂಬಾ ಇದೆ. ಗಾಯವಾದರೆ ರಕ್ತ ನಿಲ್ಲಲು, ಮೂಳೆ ಗಟ್ಟಿಯಾಗಲು ಎಲ್ಲರಿಗೂ ಬೇಕಾದದ್ದೇ. ಆದರೆ ಯಜಮಾನರ ಮಾತ್ರೆ ಕೆಲಸ ಮಾಡುವುದೇ ಅದಕ್ಕೆ ಎದುರಾಗಿ. ದಿನವೂ ಒಂದೇ ಅಳತೆ ತಿಂದರೆ ಮಾತ್ರೆ ಅದಕ್ಕೆ ಹೊಂದಿಕೊಂಡಿರುತ್ತದೆ. ಇದ್ದಕ್ಕಿದ್ದಂತೆ ರಾಶಿ ತಿಂದರೆ ಮಾತ್ರೆ ಸೋಲುತ್ತದೆ. ಇದ್ದಕ್ಕಿದ್ದಂತೆ ಬಿಟ್ಟರೂ ಅಪಾಯವೇ, ಆಗ ರಕ್ತ ಅತಿ ತೆಳುವಾಗುತ್ತದೆ. ಆಗಾಗ ರಕ್ತ ಪರೀಕ್ಷೆಗೆ ಕೈಹಿಡಿದು ಕರೆದುಕೊಂಡು ಹೋಗುತ್ತಿದ್ದವರು ಹೆಂಡತಿ. ಅವರು ಮಲಗಿದ ಮೇಲೆ ಯಜಮಾನರು ಆ ದಾರಿಯನ್ನೇ ಹಿಡಿದಿರಲಿಲ್ಲ.

"ನಿಮ್ಮೊಬ್ರ ತಪ್ಪಲ್ಲ ಅಕ್ಕ, ಆ ತಟ್ಟೆಗೆ ನಾನೂ ಅಳತೆ ಬರೀಲಿಲ್ಲ" ಎಂದರು ಮೇಡಂ.

ಅಕ್ಕನಿಗೆ ಸಮಾಧಾನವಾಗಲಿಲ್ಲ. ಕೈ ತೊಳೆದು, ಸೆರಗು ಸರಿಮಾಡಿಕೊಂಡು, ಇಷ್ಟು ವರ್ಷದಲ್ಲಿ ಮೊದಲ ಸಲ ಮೆಟ್ಟಿಲು ಹತ್ತಿದರು. ಯಾರೂ ತಡೆಯಲಿಲ್ಲ. ಯಜಮಾನರು ತೀವ್ರ ನಿಗಾ ಮುಗಿಸಿ ಗಂಡಸರ ವಾರ್ಡಿಗೆ ಬಂದಿದ್ದರು.

"ನೀವಾ ಕೆಳಗಿನೋರು?"

"ಹೂಂ ಸ್ವಾಮಿ. ನಿಮಗೆ ವಿಷ ಇಟ್ಟೋಳು ನಾನೇ."

"ಬಿಡಿ ತಾಯಿ, ಇಷ್ಟು ರುಚಿಯಾಗಿರೋ ವಿಷ ಯಾರು ಕೊಡ್ತಾರೆ!"

ಇಬ್ಬರೂ ನಕ್ಕರಂತೆ. ಅಕ್ಕನಿಗೆ ನಗುತ್ತಲೇ ಅಳು ಬಂತು. "ಗೊತ್ತಿದ್ದೂ ಯಾಕೆ ತಿಂದ್ರಿ?" ಎಂದು ಕೇಳಿಯೇಬಿಟ್ಟರು.

ಯಜಮಾನರು ದಿಂಬಿಗೆ ಒರಗಿ ಎದ್ದು ಕೂತರು. "ತಟ್ಟೆ ತುಂಬಿದ್ದು ಹಾಗೇ ವಾಪಸ್ ಬಂದ್ರೆ ನಿಲ್ಲಿಸಿಬಿಡೋಣ ಅಂದ್ರಲ್ಲ ಯಾರೋ, ಆ ಕಿಂಡಿಯಲ್ಲಿ ನಂಗೆ ಕೇಳಿಸ್ತು. ಮೊದಲು ತಟ್ಟೆ ನಿಲ್ಲುತ್ತೆ. ಆಮೇಲೆ ಬಿಲ್ಲೆ ತೆಗೀತಾರೆ. ಆಮೇಲೆ ಮಂಚ. ಅದಕ್ಕೇ ಒಂದು ಹೂ ಅವಳ ತುಟಿಗೆ ಮುಟ್ಟಿಸ್ತಿದ್ದೆ, ಉಳಿದಿದ್ದು ನಾನು ತಿಂತಿದ್ದೆ. ನೀವು ನೋಡಿದ್ರೆ ದಿನಾ ಜಾಸ್ತಿ ಕಳಿಸ್ತಾ ಹೋದ್ರಿ. ಬಿಟ್ರೆ ಇವಳು ಊಟ ಬಿಟ್ಲು ಅಂದ್ಕೊಳ್ತೀರಿ ಅಂತ ಎಲ್ಲಾ ಮುಗಿಸ್ತಿದ್ದೆ. ಕಷ್ಟ ಆಗ್ತಿತ್ತು ತಾಯಿ, ಹೊಟ್ಟೆ ಬಿರಿಯೋದು."

ಅಕ್ಕ ಆಮೇಲೆ ಮೂಲೆ ಮಂಚಕ್ಕೆ ಹೋದರು. ಮೊದಲ ಸಲ ಆ ಮುಖ ನೋಡಿದರು. ಗೋಡೆಯ ಬಣ್ಣಕ್ಕೆ ತಿರುಗಿದ ಕೆನ್ನೆ, ಯಾರೋ ಒಪ್ಪವಾಗಿ ಬಾಚಿದ ಕೂದಲು. ಕಿಂಡಿಯ ಪಕ್ಕದ ಖಾಲಿ ಕುರ್ಚಿ. ಆ ಮೂಲೆಯಲ್ಲಿ ಈಗ ಯಾವ ಸದ್ದೂ ಇರಲಿಲ್ಲ. "ಅಷ್ಟು ನಿಶ್ಶಬ್ದ ನಾನು ಕೇಳೇ ಇಲ್ಲ. ಕೆಳಗೆ ಹೋಗಿ ಪಾತ್ರೆ ಬಡಿಯೋಣ ಅನ್ನಿಸ್ತು" ಎನ್ನುತ್ತಾರೆ.

ಅಂದಿನಿಂದ ಅಕ್ಕನ ಕೆಲಸದ ರೀತಿ ಬದಲಾಗಿದೆ. ಖಾಲಿ ತಟ್ಟೆ ಬಂದರೆ ತಾವಾಗಿ ಹಿಡಿ ಏರಿಸುವುದಿಲ್ಲ, ಕಿಂಡಿಗೆ ಬಾಯಿಟ್ಟು "ಯಾರು ತಿಂದಿದ್ದು?" ಎಂದು ಕೇಳುತ್ತಾರೆ. ಉತ್ತರ ಬರುವವರೆಗೂ ತಟ್ಟೆ ತೊಳೆಯುವುದಿಲ್ಲ. ಯಜಮಾನರ ಹೆಸರಿಗೇ ಈಗ ಬೇರೆ ತಟ್ಟೆ, ಡಾಕ್ಟರು ಹೇಳಿದ ಒಂದು ಹಿಡಿ, ದಿನವೂ ಅಷ್ಟೇ, ಒಂದು ಹೂ ಹೆಚ್ಚಿಲ್ಲ ಕಮ್ಮಿಯಿಲ್ಲ. ರಕ್ತ ಪರೀಕ್ಷೆಗೆ ಹೋದಿರಾ ಎಂದು ಕಿಂಡಿಯಿಂದಲೇ ಗದರಿಸುವುದೂ ಉಂಟು. "ಸ್ವಂತ ಅಕ್ಕಾನೂ ಹೀಗೆ ಬೈತಿರ್ಲಿಲ್ಲ" ಎಂದು ಅವರು ಮೇಲಿಂದ ದೂರುತ್ತಾರೆ. ಚಾಕಣ್ಣ ಮಣೆಯನ್ನು ಹಳೇ ಜಾಗಕ್ಕೆ ತಂದಿದ್ದಾನೆ, ಆದರೂ ಲಿಫ್ಟಿಗೆ ಮುಖ ಮಾಡಿಯೇ ಕೂರುತ್ತಾನೆ.

ಮಲಗಿದಾಕೆಯ ತಟ್ಟೆಯೂ ನಿಂತಿಲ್ಲ. ಮೇಲ್ವಿಚಾರಕರು ಮತ್ತೆ ಆ ಮಾತೆತ್ತಲಿಲ್ಲ. ಒಂದೇ ಒಂದು ಹೂ, ಹಬೆ ಆರುವ ಮೊದಲು ಯಜಮಾನರು ಆಕೆಯ ಮೂಗಿನ ಹತ್ತಿರ ಹಿಡಿಯುತ್ತಾರೆ. ಕಳೆದ ವಾರ ಹಾಗೆ ಹಿಡಿದಾಗ ಮೂಗಿನ ಹೊಳ್ಳೆ ಅರಳಿತೆಂದು ಆಯಾ ಕಿಂಡಿಯಲ್ಲಿ ಕಿರುಚಿದಳು. ಡಾಕ್ಟರು ಬಂದು ನೋಡುವಾಗ ಏನೂ ಇರಲಿಲ್ಲ. ಮರುದಿನ ಮತ್ತೆ ಅರಳಿತು, ಆ ಹೊತ್ತಿಗೆ ಸಿಸ್ಟರೂ ಇದ್ದರು. ಇದು ಏನೂ ಅಲ್ಲದಿರಬಹುದು, ಏನಾದರೂ ಆಗಿರಬಹುದು, ಈಗಲೇ ಹೇಳಲಾಗದು ಎಂದಿದ್ದಾರೆ ಡಾಕ್ಟರು.

ಅಕ್ಕನಿಗೆ ಏನು ಆಸೆ ಎಂದು ಕೇಳಿದರೆ ಮುಚ್ಚಳ ಇಳಿಸಿ, ಮುಖದ ಬೆವರು ಒರೆಸಿಕೊಳ್ಳುತ್ತಾರೆ. ಹಬೆ ಅವರನ್ನು ಮತ್ತೆ ಅರ್ಧ ನುಂಗುತ್ತದೆ. ದನಿ ಮಾತ್ರ ಸ್ಪಷ್ಟ.

"ಇಲ್ಲಿ ಎಲ್ರೂ ನನ್ನ ಅಡುಗೆ ಚೆನ್ನಾಗಿದೆ ಅಂತಾರೆ. ಕಾಯಿಲೆಯೋರು, ಬೈಯಕ್ಕೂ ಶಕ್ತಿ ಇರಲ್ಲ ಪಾಪ. ಆಯಮ್ಮ ಒಂದು ದಿನ ಎದ್ದು ಕೂತು, ಒಂದು ತುತ್ತು ಬಾಯಿಗಿಟ್ಟು, 'ಥೂ, ಉಪ್ಪಿಲ್ಲ ಏನಿಲ್ಲ, ಯಾವಳ್ರೀ ಇದನ್ನ ಬೇಯಿಸಿದ್ದು' ಅಂತ ಜೋರಾಗಿ ಬೈಬೇಕು. ನಂಗೆ ಇಲ್ಲಿಗೆ ಕೇಳಬೇಕು. ಅಷ್ಟೇ."